ನಮ್ಮಜ್ಜಿ ಹೆಬ್ಬೆಟ್ಟು ಒತ್ತಿದ ನಾಕು ಎಕರೆ

ನಮ್ಮಜ್ಜಿಗೆ ಹುಟ್ಟಿದ ತಾರೀಖು ಅಂತ ಒಂದು ಇರ್ಲಿಲ್ಲ. ರೇಷನ್ ಕಾರ್ಡಿನಾಗೆ ಒಂದು ವಯಸ್ಸು, ಓಟಿನ ಪಟ್ಟಿನಾಗೆ ಇನ್ನೊಂದು ವಯಸ್ಸು. ಕೇಳಿದ್ರೆ, "ದೊಡ್ಡ ಜ್ವರ ಬಂದು ಊರೆಲ್ಲ ಬಳಕಂಡು ಹೋತಲ್ಲ, ಅದರ ಮಾರನೇ ವರ್ಷ ನಾನು ಹುಟ್ಟಿದ್ದಂತೆ" ಅನ್ನೋಳು. ಆ ದೊಡ್ಡ ಜ್ವರ ಅಂದ್ರೆ 1918ರ ಇನ್‌ಫ್ಲುಯೆಂಜಾ. ನಮ್ಮ ದೇಶದಾಗೆ ಒಂದು ಕೋಟಿಗೂ ಮೇಲೆ ಜನ ಸತ್ತಿದ್ದು ಆ ಜ್ವರದಲ್ಲಿ. ಅದೇ ವರ್ಷ ಮಳೆನೂ ಕೈಕೊಟ್ಟಿತ್ತು. ಹಂಗಾಗಿ ಅಜ್ಜಿ ಹುಟ್ಟಿದ್ದು 1919 ಅಂತ ನಾವು ಲೆಕ್ಕ ಹಾಕಿಕೊಂಡಿದೀವಿ.

ಮನೇಲಿ ಅಜ್ಜಿ ವಿಷಯ ಬಂದಾಗೆಲ್ಲ ಎಲ್ಲರೂ ಹೇಳೋದು ಎರಡೇ ಮಾತು. ಒಂದು, ಬಾಳ ಜುಗ್ಗಿ. ಇನ್ನೊಂದು, ಯಾರನ್ನೂ ನಂಬ್ತಿರ್ಲಿಲ್ಲ. ಹೌದು, ಎರಡೂ ನಿಜಾನೇ. ಆದ್ರೆ ಯಾಕೆ ಹಂಗಿದ್ಲು ಅನ್ನೋದು ಈಗಿನ ಹುಡುಗ್ರಿಗೆ ಗೊತ್ತಿಲ್ಲ, ನಮ್ಮ ಓರಗೆಯ ಎಷ್ಟೋ ಜನಕ್ಕೂ ಪೂರ್ತಿ ಗೊತ್ತಿಲ್ಲ. ಅಪ್ಪಾಜಿ ಇರೋತನಕ ಅವರ ಬಾಯಲ್ಲಿ ಕೇಳಿದ್ದು, ನ್ಯಾಮತಿ ಅತ್ತೆ ಹೇಳಿದ್ದು, ಅಜ್ಜಿ ತಾನೇ ರಾಗಿ ಬೀಸ್ತಾ ಹೇಳಿದ್ದು, ಎಲ್ಲಾ ಒಂದು ಕಡೆ ಬರೆದಿಡಾನ ಅಂತ ಕುಂತಿದೀನಿ.

ಅಜ್ಜಿ ತವರು ಜಗಳೂರು ಸೀಮೆ. ಜಗಳೂರು ಅಂದ್ರೆ ಗೊತ್ತಲ್ಲ, ಮಳೆ ನಂಬಿದ ಸೀಮೆ. ಆಗ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಗಿದ್ವು. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೇ ಇವೆಲ್ಲ ಒಂದು ಮನೆ ಮಕ್ಕಳಾಗಿದ್ದು. ಮಳೆ ಬಂದ್ರೆ ನವಣೆ, ಸಜ್ಜೆ, ಜೋಳ, ಹುರುಳಿ. ಬರ್ಲಿಲ್ಲ ಅಂದ್ರೆ ಗುಳೆ. ಮನೆಗೆ ಬೀಗ ಇಲ್ಲದಿದ್ರೆ ಬಾಗಿಲಿಗೆ ಮುಳ್ಳಿನ ಕಂಟಿ ಎಳೆದು, ಮಕ್ಕಳು ಮರಿ ಕಟ್ಟಿಕೊಂಡು ನೀರಿರೋ ಕಡೆ ಹೊರಡೋದು. ಕೊಯ್ಲು ಮುಗಿಯೋತನಕ ಅಲ್ಲೇ ಇದ್ದು, ಕೂಲಿ ಕಾಳು ಮೂಟೆ ಕಟ್ಟಿಕೊಂಡು ವಾಪಸ್ ಬರೋದು.

ಹಂಗೆ ಒಂದು ಗುಳೇಲಿ ಅಜ್ಜಿ ಅಪ್ಪ ತುಂಗಭದ್ರಾ ಹೊಳೆ ಕಡೆ ಬಂದಿದ್ದರಂತೆ. ಹೊನ್ನಾಳಿಯಿಂದ ಹೊಳೆ ಈಚೆಗೆ, ಸಾಸ್ವೆಹಳ್ಳಿ ಕಡೆ ಒಂದು ಊರು. ಅಲ್ಲಿ ಯಾರ ಹೊಲದಾಗೆ ಜೋಳ ಕೊಯ್ದರೋ ಅವರ ಮನೆಯ ಮೂರನೇ ಮಗನಿಗೇ ತಮ್ಮ ಮಗಳನ್ನ ಕೊಟ್ಟರು. "ನನ್ನ ಮಗಳು ಹೊಳೆ ನೀರಿನ ಊರಿಗೆ ಹೋಗ್ತಾಳೆ, ಕೊಡ ಹೊತ್ತು ಹೊತ್ತು ನಡ ಮುರಕಣಾದು ತಪ್ಪುತ್ತೆ" ಅಂತ ಅವರಿಗೆ ಬಾಳ ಖುಷಿಯಂತೆ. ಅಜ್ಜಿಗೆ ಆಗ ಹನ್ನೆರಡು ವರ್ಷ. 1931.

ಹನ್ನೆರಡು ವರ್ಷದ ಹುಡುಗಿ ಮದುವೆ ಮಾಡಿದ್ರೆ ಕಾನೂನು ಸುಮ್ಮನಿರುತ್ತಾ ಅಂತ ನನ್ನ ಮಗಳು ಒಂದ್ಸಲ ಕೇಳಿದ್ಲು. ಬ್ರಿಟಿಷರ ಆಳ್ವಿಕೆಯ ಕಡೆ 1929ರಲ್ಲಿ ಶಾರದಾ ಕಾಯ್ದೆ ಬಂದು, ಹುಡುಗಿಗೆ 14 ತುಂಬಿರಬೇಕು ಅಂತ ಆಗಿತ್ತು. ನಮ್ಮದು ಮೈಸೂರು ಮಹಾರಾಜರ ಸೀಮೆ, ಆ ಕಾಯ್ದೆ ಇಲ್ಲಿಗೆ ಅನ್ವಯಿಸ್ತಿರ್ಲಿಲ್ಲ. ಮೈಸೂರಿನಾಗೆ ಅದಕ್ಕಿಂತ ಮುಂಚೆನೇ, 1894ರಲ್ಲೇ ಒಂದು ಕಾನೂನು ಆಗಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆನೇ. ಆದ್ರೆ ಅದು ತಡೆದಿದ್ದು ಎಂಟು ವರ್ಷದ ಒಳಗಿನ ಹುಡುಗೀರ ಮದುವೆನ. ಎಂಟು ದಾಟಿದ್ರೆ ಆಯ್ತು. ಹಂಗಾಗಿ ಅಜ್ಜಿ ಮದುವೆ ಕಾನೂನು ಪ್ರಕಾರ ಸರಿಯಾಗೇ ಇತ್ತು ಅನ್ನಬೇಕು!

ಮದುವೆ ಆದ ಮೂರು ವರ್ಷಕ್ಕೆ, ಮೈನೆರೆದ ಮೇಲೆ, ಗಂಡನ ಮನೆಗೆ ಕಳಿಸಿದ್ರು. ಜಗಳೂರಿಂದ ದಾವಣಗೆರೆ, ಅಲ್ಲಿಂದ ಮಲೇಬೆನ್ನೂರು ಮೇಲೆ ಎತ್ತಿನ ಗಾಡಿ. ಹತ್ತಿರ ಹತ್ತಿರ ನೂರು ಕಿಲೋಮೀಟರ್ ದಾರಿ. ಹೊಳೆ ನೋಡಿ, "ಇಷ್ಟು ನೀರು ಯಾರೂ ತುಂಬಿಕ್ಯಣದೇ ಹಂಗೇ ಹರಿದು ಹೋಗ್ತೈತಲ್ಲ" ಅಂತ ಅತ್ತಿದ್ಲಂತೆ. ಗಾಡಿಯಾಗಿದ್ದೋರು ತವರಿನ ನೆನಪಿಗೆ ಅಳ್ತಾಳೆ ಅಂತ ತಿಳಕಂಡರು. ಸಾಯೋತನಕ ಅಜ್ಜಿ ಅಕ್ಕಿ ತೊಳೆದ ನೀರು ಚೆಲ್ಲಲಿಲ್ಲ. ಅದು ಎಮ್ಮೆ ಬಾನಿಗೆ. ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಜುಗ್ಗತನ ಅಂತ ನೀವೆಲ್ಲ ನಕ್ಕಿದ್ದು ಇದಕ್ಕೇ.

ಗಂಡನ ಮನೆ ಕೂಡು ಕುಟುಂಬ. ಅತ್ತೆ, ಮಾವ, ಇಬ್ಬರು ಭಾವಂದಿರು, ಅವರ ಹೆಂಡ್ತೀರು, ಒಬ್ಬ ಮೈದುನ. ಬೆಳಗಿನ ಜಾವ ಮೊದಲ ಕೋಳಿ ಕೂಗೋದರೊಳಗೆ ಬೀಸೋ ಕಲ್ಲಿನ ಮುಂದೆ ಕೂರಬೇಕು. ಹದಿನೈದು ಜನಕ್ಕೆ ರೊಟ್ಟಿ ಹಿಟ್ಟು ಅಂದ್ರೆ ಎಷ್ಟಾಗುತ್ತೆ ಅಂತ ನಾವು ಹೆಂಗಸರಿಗೆ ಯಾರೂ ಹೇಳಬೇಕಾಗಿಲ್ಲ. ಬೀಸಿ, ಸಗಣಿ ಬಾಚಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಅಲ್ಲೇ ಕಳೆ ತೆಗೆದು, ಬರ್ತಾ ಪುಳ್ಳೆ ಹೊತ್ತು ಬರೋದು. ಊಟ ಎಲ್ಲರದ್ದೂ ಆದ ಮೇಲೆ. ಗಡಿಗೇಲಿ ಏನು ಉಳಿದಿರುತ್ತೋ ಅದು. ಅಜ್ಜ ಮಾತ್ರ ಒಳ್ಳೆ ಮನುಷ್ಯ ಅಂತ ಅಜ್ಜಿ ಹೇಳೋಳು. ಸಂತೆಯಿಂದ ಬರ್ತಾ ಟವಲ್ ತುದೀಲಿ ಮಂಡಕ್ಕಿ, ಬೆಲ್ಲ ಕಟ್ಟಿಕೊಂಡು ಬಂದು ಹಿತ್ತಲಾಗೆ ಕರೆದು ಕೊಡ್ತಿದ್ದರಂತೆ. ಗಂಡನ ಬಗ್ಗೆ ಅಜ್ಜಿ ಬಾಯಲ್ಲಿ ಕೇಳಿದ್ದು ಅದೊಂದೇ ಸುಖದ ಮಾತು.

ಮೂರು ಮಕ್ಕಳಾದ್ವು. ಮೊದಲನೇದು ನ್ಯಾಮತಿ ಅತ್ತೆ, 1936. ಆಮೇಲೆ ನಮ್ಮ ಅಪ್ಪಾಜಿ, 1939. ಕೊನೇದು ಒಂದು ಹೆಣ್ಣು ಕೂಸು. ಆ ಕೂಸು ಹುಟ್ಟಿದ್ದು 1942. ಆ ವರ್ಷ ನಮ್ಮ ಕಡೆಯೋರು ಮರೆಯೋ ಹಂಗೇ ಇಲ್ಲ. ಶಿಕಾರಿಪುರ ತಾಲೂಕಿನ ಈಸೂರು ತಾನೇ ಸ್ವತಂತ್ರ ಅಂತ ಸಾರಿಕೊಂಡಿದ್ದು ಆಗ. ಮುಂದೆ ಅಲ್ಲಿ ಗಲಾಟೆ ಆಗಿ, ಅಮಲ್ದಾರರು, ಪೊಲೀಸ್ ಅಧಿಕಾರಿ ಸತ್ತು, ಊರು ಊರೇ ಕಾಡು ಸೇರಿತು. 1943ರ ಮಾರ್ಚಿನಾಗೆ ಈಸೂರಿನ ಐದು ಜನಕ್ಕೆ ಗಲ್ಲಾಯ್ತು. ಆ ಸುದ್ದಿ ಹೊಳೆ ದಾಟಿ ಬಂದಾಗ ನಮ್ಮಜ್ಜಿ ಊರಿನ ಗಂಡಸರು ಖಾಕಿ ಬಟ್ಟೆ ಕಂಡ್ರೆ ಹೊಲಕ್ಕೆ ಓಡ್ತಿದ್ದರಂತೆ. ಸ್ವಾತಂತ್ರ್ಯದ ಇತಿಹಾಸ ಅಂತ ನಾವು ಶಾಲೇಲಿ ಓದಿದ್ದು ಅಜ್ಜಿಗೆ, "ದೀಪ ಹಚ್ಚಂಗಿಲ್ಲ, ಬಾಗಿಲು ತೆಗೆಯಂಗಿಲ್ಲ" ಅನ್ನೋ ರಾತ್ರಿಗಳ ನೆನಪು.

ಅದರ ಜೊತೆಗೆ ಯುದ್ಧದ ಕಾಲ. ಜಪಾನಿನೋರು ಬರ್ಮಾ ಹಿಡಿದ ಮೇಲೆ ಅಲ್ಲಿಂದ ಅಕ್ಕಿ ಬರೋದು ನಿಂತಿತು. ಸರ್ಕಾರ ರೈತರ ಮನೆಯಿಂದ ಕಾಳಿನ ಲೆವಿ ಎತ್ತಕ್ಕೆ ಶುರು ಮಾಡ್ತು. ಬೆಳೆದೋರ ಮನೇಲೇ ಕಾಳು ಅಳೆದು ಅಳೆದು ಉಣ್ಣೋ ಹಂಗಾಯ್ತು. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ. ಒಂದೇ ಸೀರೆ ಅರ್ಧ ಒಗೆದು ಅರ್ಧ ಉಟ್ಟುಕೊಂಡು ಒಣಗಿಸ್ತಿದ್ದೆ ಅಂತ ಅಜ್ಜಿ ಹೇಳೋಳು. ನಾವು ಚಿಕ್ಕೋರು, ಅದು ಹೆಂಗಜ್ಜಿ ಅಂತ ನಗ್ತಿದ್ವಿ. ಎದ್ದು ನಿಂತು ಸೆರಗು ಬಿಚ್ಚಿ ತೋರಿಸೋಳು.

1943ರ ಮಳೆಗಾಲ ಮುಗೀತಾ ಬಂದಾಗ ಅಜ್ಜನಿಗೆ ಚಳಿಜ್ವರ ಹಿಡೀತು. ಮಲೇರಿಯಾ. ಆಗ ಮಲೆನಾಡಿನ ಅಂಚಿನ ಊರುಗಳಿಗೆಲ್ಲ ಚಳಿಜ್ವರ ಮನೆ ನೆಂಟ ಇದ್ದಂಗೆ. ದಿನ ಬಿಟ್ಟು ದಿನ ಗಡಗಡ ನಡುಗೋದು, ಕೌದಿ ಮೇಲೆ ಕೌದಿ ಹೊದಿಸೋದು, ಆಮೇಲೆ ಬೆಂಕಿ ಹಂಗೆ ಮೈ ಸುಡೋದು. ಅದಕ್ಕಿದ್ದ ಔಷಧಿ ಒಂದೇ, ಕ್ವಿನೈನ್. ಆ ಕ್ವಿನೈನ್ ಮರದ ತೊಗಟೆ ಪ್ರಪಂಚಕ್ಕೆಲ್ಲ ಬರ್ತಿದ್ದಿದ್ದು ಹೆಚ್ಚಿನದೆಲ್ಲ ಜಾವಾ ದ್ವೀಪದಿಂದ. 1942ರ ಮಾರ್ಚಿನಾಗೆ ಜಾವಾನೂ ಜಪಾನಿನೋರ ಕೈಗೆ ಹೋಯ್ತು. ಕ್ವಿನೈನ್ ಸಿಗದೇ ಕಷ್ಟ ಆಯ್ತು, ಸಿಕ್ಕಿದ್ದು ಮೊದಲು ಸೈನ್ಯಕ್ಕೆ ಹೋಯ್ತು. ಇದೆಲ್ಲ ನಾನು ಆಮೇಲೆ ಓದಿ ತಿಳಕಂಡಿದ್ದು. ಅಜ್ಜಿಗೆ ಗೊತ್ತಿದ್ದು ಇಷ್ಟೇ. ಭಾವನೋರು ಔಷಧಿ ತರಕ್ಕೆ ಹರಿಗೋಲಿನಾಗೆ ಹೊಳೆ ದಾಟಿ ಹೋದ್ರು, ಸಂಜೆಗೆ ಬರಿಗೈಲಿ ಬಂದ್ರು. ಎಲ್ಲೋ ಸಮುದ್ರದಾಚೆ ನಡೆದ ಯುದ್ಧ, ನಮ್ಮ ಹೊಳೆ ದಂಡೆಯ ಒಬ್ಬ ರೈತನ ಜೀವ ತಗಂಡಿತು. ಹತ್ತು ವರ್ಷ ಕಳೆದು, 1953ರಲ್ಲಿ ಸರ್ಕಾರ ದೇಶದ ತುಂಬ ಮಲೇರಿಯಾ ನಿಯಂತ್ರಣ ಶುರು ಮಾಡಿ, ಮನೆಮನೆ ಗೋಡೆಗೆ ಡಿಡಿಟಿ ಹೊಡೆಯಕ್ಕೆ ಬಂದಾಗ, ಎಷ್ಟೋ ಜನ ವಾಸನೆ ಅಂತ ಬೈಕಂಡರೆ ಅಜ್ಜಿ, "ಆ ಮೂಲೆಗೂ ಹೊಡೀರಪ್ಪ" ಅಂತ ಪಾತ್ರೆ ಸಾಮಾನೆಲ್ಲ ತಾನೇ ಹೊರಗಿಟ್ಟಳಂತೆ.

ಅಜ್ಜ ಹೋದಾಗ ಅಜ್ಜಿಗೆ ಇಪ್ಪತ್ನಾಲ್ಕು. ಬಳೆ ಒಡೆದ್ರು, ತಾಳಿ ತೆಗೆದ್ರು. ತವರಿನೋರು ಬಂದ್ರು. ಅಷ್ಟೊತ್ತಿಗೆ ಅಜ್ಜಿ ಅಪ್ಪ ಇರ್ಲಿಲ್ಲ, ಅಣ್ಣ ಇದ್ದ. ನಮ್ಮ ಕಡೆ ರೈತಾಪಿ ಜನದಾಗೆ ಗಂಡ ಸತ್ತೋಳಿಗೆ ಉಡಿಕೆ ಮಾಡೋ ಪದ್ಧತಿ ಇತ್ತು. ಜಗಳೂರು ಕಡೆಯೇ ಒಬ್ಬರು ಹೆಂಡತಿ ತೀರಿಕೊಂಡಿದ್ದೋರು, ವಯಸ್ಸಾದೋರು, ಉಡಿಕೆಗೆ ಒಪ್ಪಿದ್ದರಂತೆ. ಆದ್ರೆ ಮಕ್ಕಳು ಗಂಡನ ಮನೇಲೇ ಇರಬೇಕು, ಅವು ಆ ವಂಶದ ಕುಡಿ. ಕೂಸು ಒಂದು ಬೇಕಾದ್ರೆ ಹಾಲು ಬಿಡೋತನಕ ಜೊತೆಗಿರಲಿ ಅಂದ್ರಂತೆ. ಅಜ್ಜಿ ಒಲ್ಲೆ ಅಂದ್ಲು. ಅಣ್ಣ, "ಹಂಗಾರೆ ನಮ್ಮನೇಲಿ ಬಂದಿರು ಅಂತ ಕರೆಯಕ್ಕೂ ನಮ್ಮತ್ರ ಕಾಳಿಲ್ಲ ತಂಗಿ" ಅಂತ ಕಣ್ಣೀರು ಹಾಕಿ ಗಾಡಿ ಹತ್ತಿದ. ಅಣ್ಣನ ಮೇಲೆ ಅಜ್ಜಿಗೆ ಸಿಟ್ಟಿರ್ಲಿಲ್ಲ. "ಬರಗಾಲದೋನು ನಿಜ ಹೇಳಿದ" ಅನ್ನೋಳು.

ಈಗ ಹೆಬ್ಬೆಟ್ಟಿನ ಕಥೆ.

ಅಜ್ಜ ಹೋದ ಮಾರನೇ ವರ್ಷ, 1944ರಲ್ಲಿ, ಭಾವನೋರು ಒಂದು ದಿನ ಅಜ್ಜಿನ ಗಾಡಿ ಹತ್ತಿಸಿಕೊಂಡು ಕಚೇರಿಗೆ ಕರಕಂಡು ಹೋದ್ರು. ಬೀಜಕ್ಕೆ, ಎತ್ತಿಗೆ ಸಾಲ ತೆಗೀಬೇಕು, ನಿನ್ನ ಗಂಡನ ಹೆಸರೂ ಪತ್ರದಾಗೆ ಐತೆ, ಅದಕ್ಕೆ ನಿನ್ನ ಹೆಬ್ಬೆಟ್ಟು ಬೇಕು ಅಂದ್ರು. ಅಜ್ಜಿ ಮಗನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹೋಗಿ ಎಡಗೈ ಹೆಬ್ಬೆಟ್ಟು ಒತ್ತಿ ಬಂದ್ಲು. ಓದಿ ಹೇಳಿದ್ರಾ ಅಂದ್ರೆ, ಓದಿದ್ರಂತೆ, ಗಡಗಡ ಅಂತ. ಒಂದೇ ಒಂದು ಮಾತು ತಿಳೀಲಿಲ್ಲ. ದೊಡ್ಡೋರ ಮುಂದೆ ಇನ್ನೊಂದ್ಸಲ ಓದ್ರಿ ಅನ್ನೋದು ಹೆಂಗೆ? ಬರ್ತಾ ದಾರೀಲಿ ಭಾವನೋರು ಬೆಂಡು ಬತ್ತಾಸು ಕೊಡಿಸಿದ್ರಂತೆ ಮಗನಿಗೆ. ಅಪ್ಪಾಜಿಗೆ ಆ ಬತ್ತಾಸಿನ ನೆನಪಿತ್ತು, ಪಾಪ.

ಒತ್ತಿದ್ದು ಸಾಲದ ಪತ್ರಕ್ಕಲ್ಲ. ಮಗನ ಪಾಲಿಗೆ ಬರಬೇಕಾಗಿದ್ದ ನಾಕು ಎಕರೆ ಹೊಲನ, ಅವನ ಪರವಾಗಿ ತಾಯಿ ಭಾವಂದಿರಿಗೆ ಬಿಟ್ಟುಕೊಟ್ಟಳು, ಬದಲಿಗೆ ಹಣ ತಗಂಡಳು ಅಂತ ಬರೆದ ಪತ್ರಕ್ಕೆ. ಹಣದ ಮುಖ ಅಜ್ಜಿ ನೋಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಓರಗಿತ್ತಿ ಜೊತೆ ಒಲೆ ಮುಂದೆ ಜಗಳ ಆದಾಗ, "ನಿಂದೇನೈತೆ ಇಲ್ಲಿ? ಒತ್ತಿ ಕೊಟ್ಟಿದೀಯಲ್ಲ" ಅಂತ ಬಾಯಿ ಜಾರಿ ಬಂತು. ಆಗ ಗೊತ್ತಾಗಿದ್ದು.

ಹೆಂಗಸಿಗೆ ಆಗ ಕಾನೂನೇ ಇರ್ಲಿಲ್ಲವಾ ಅಂದ್ರೆ, ಇತ್ತು ಕಣ್ರಿ. ಮೈಸೂರು ಸಂಸ್ಥಾನದಾಗೆ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಬ್ರಿಟಿಷರ ಕಡೆ ವಿಧವೆಯರಿಗೆ ಆಸ್ತಿ ಹಕ್ಕಿನ ಕಾಯ್ದೆ ಬಂದಿದ್ದು 1937ರಲ್ಲಿ, ಅದಕ್ಕಿಂತ ನಾಕು ವರ್ಷ ಮುಂಚೆನೇ ನಮ್ಮಲ್ಲಿ ಇತ್ತು. ಅದೂ ಅಲ್ಲದೆ ಅಪ್ಪ ಸತ್ತ ಮಗನಿಗೆ ಅವನ ಅಪ್ಪನ ಪಾಲು ಯಾವ ಕಾಯ್ದೆ ಇಲ್ಲದಿದ್ರೂ ಬರ್ತಿತ್ತು. ತಾಯಿ ಮೈನರ್ ಮಗನ ಆಸ್ತಿ ಬಿಟ್ಟುಕೊಟ್ಟಿದ್ರೆ, ಮಗ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ ಅದನ್ನ ರದ್ದು ಮಾಡಿ ಅಂತ ಕೇಳಬಹುದಿತ್ತು. ಅಪ್ಪಾಜಿಗೆ ಹದಿನೆಂಟು ತುಂಬಿದ್ದು 1957ರಲ್ಲಿ. ಅಲ್ಲಿಗೆ 1960ರ ತನಕ ಬಾಗಿಲು ತೆರೆದೇ ಇತ್ತು. ಅದು ಅಪ್ಪಾಜಿಗೆ ಗೊತ್ತಾಗಿದ್ದು ಬೇರೆ ಯಾವುದೋ ಕೆಲಸಕ್ಕೆ ವಕೀಲರ ಹತ್ರ ಹೋದಾಗ, ಬಾಗಿಲು ಮುಚ್ಚಿ ಎಷ್ಟೋ ವರ್ಷ ಆದ ಮೇಲೆ. ಬೆಂಗಳೂರಿನಾಗೆ ಬರೆದ ಕಾಯ್ದೆ ನಮ್ಮಜ್ಜಿ ಒಲೆ ತನಕ ಬರಬೇಕು ಅಂದ್ರೆ ಓದೋಕೆ ಬರೋರು ಒಬ್ಬರಾದ್ರೂ ಅವಳ ಕಡೆ ಇರಬೇಕಿತ್ತು. ಇರ್ಲಿಲ್ಲ.

ಒಲೆ ಜಗಳ ಆದ ಮೂರನೇ ದಿನ ಅಜ್ಜಿ ಮನೆ ಬಿಟ್ಟಳು. ಎರಡು ಕೌದಿ, ಒಂದು ತಂಬಿಗೆ, ಬೀಸೋ ಕಲ್ಲಿನ ಮೇಲ್ಗಡೆ ಹೋಳು. ಆ ಹೋಳು ಯಾಕೆ ತಂದೆ ಅಂದ್ರೆ, "ಅದು ನನ್ನ ತವರಿಂದು, ಗಾಡೀಲಿ ತಂದಿದ್ದೆ. ಎರಡೂ ಹೋಳು ಹೊರಕ್ಕೆ ಆಗ್ಲಿಲ್ಲ. ಒಂದು ತಂದ್ರೆ ಅವರೂ ಬೀಸಂಗಿಲ್ಲವಲ್ಲ" ಅನ್ನೋಳು! ನಮ್ಮಜ್ಜಿ ಮಾಡಿದ ಸೇಡು ಅದೊಂದೇ. ಕಲ್ಲು ತಲೆ ಮೇಲೆ, ಕೂಸು ಬೆನ್ನಿಗೆ, ದೊಡ್ಡ ಮಗಳ ಕೈಲಿ ತಮ್ಮನ ಕೈ. ಎರಡು ದಿನ ನಡೆದು ಚನ್ನಗಿರಿ ಸೀಮೆಗೆ, ಸಂತೇಬೆನ್ನೂರು ಕಡೆ ಇದ್ದ ಅವಳ ಚಿಕ್ಕಮ್ಮನ ಮಗಳ ಊರಿಗೆ ಬಂದ್ಲು. ಅವರ ದನದ ಕೊಟ್ಟಿಗೆ ಪಕ್ಕ ಒಂದು ಚಾಚು ಇಳಿಸಿಕೊಂಡು ಇದ್ರು. ಮುಂದಿನ ವರ್ಷ ಊರಿಗೆ ಸಿಡುಬು ಬಂತು. ಬೆನ್ನಿಗೆ ಕಟ್ಟಿಕೊಂಡು ಬಂದ ಕೂಸು ಅದರಾಗೆ ಹೋಯ್ತು. ಆ ಕೂಸಿನ ಬಗ್ಗೆ ಅಜ್ಜಿ ಜಾಸ್ತಿ ಮಾತಾಡ್ತಿರ್ಲಿಲ್ಲ. ನಾನೂ ಬರೆಯಲ್ಲ.

ಅಲ್ಲಿ ಸಿಕ್ಕಿದ್ದು ಅಡಿಕೆ ಕೆಲಸ. ಈಗ ಚನ್ನಗಿರಿ ಅಂದ್ರೆ ಎಲ್ಲಿ ನೋಡಿದ್ರೂ ಅಡಿಕೆ ತೋಟ. ಆಗ ಕೆರೆ ನೀರು ಹರಿಯೋ ಕಡೆ ಮಾತ್ರ. ಅದರಾಗೆ ದೊಡ್ಡದು ಸೂಳೆಕೆರೆ. ಈ ಕೆರೆ ಕಥೆ ಅಜ್ಜಿಗೆ ಬಾಳ ಇಷ್ಟ. ಸ್ವರ್ಗಾವತಿ ಅನ್ನೋ ಪಟ್ಟಣದ ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಕ್ಕೆ ಹೊರಟಾಗ, ಆ ಜಾಗದಲ್ಲಿದ್ದ ಸೂಳೇರು ಕೆರೆಗೆ ತಮ್ಮ ಹೆಸರಿಟ್ರೆ ಮಾತ್ರ ಜಾಗ ಬಿಟ್ಟುಕೊಡ್ತೀವಿ ಅಂದ್ರಂತೆ. ಶಾಂತವ್ವ ಒಪ್ಪಿದ್ಲಂತೆ. ಈಗ ಸರ್ಕಾರದೋರು ಶಾಂತಿ ಸಾಗರ ಅಂತ ಬೋರ್ಡು ಹಾಕಿದಾರೆ. ಅಜ್ಜಿ ಮಾತ್ರ ಹಳೇ ಹೆಸರೇ ಹೇಳೋಳು. "ಆ ಹೆಂಗಸರು ಜಾಗ ಬಿಡೋ ಮುಂಚೆ ಮಾತು ತಗಂಡರು ನೋಡು, ಎಷ್ಟು ಬುದ್ಧಿವಂತರು. ನಾನು ಬರಿಗೈಲಿ ಬಿಟ್ಟೆ" ಅನ್ನೋಳು. ಈ ಕಥೆಗೆ ಇಂಥ ಅರ್ಥ ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಡಿಕೆ ಸುಲಿಯೋದು ನೋಡದೇ ಇರೋರಿಗೆ ಹೇಳ್ತೀನಿ. ದಸರಾದಿಂದ ಶುರುವಾದ್ರೆ ಸಂಕ್ರಾಂತಿ ತನಕ ಸುಗ್ಗಿ. ಗೊನೆ ಇಳಿಸಿದ ಹಸಿ ಅಡಿಕೆನ ತಡ ಮಾಡದೆ ಸುಲೀಬೇಕು. ಮಣೆಗೆ ಸಿಕ್ಕಿಸಿದ ಕತ್ತಿ ಮುಂದೆ ಕೂತು, ಲಾಟೀನು ಬೆಳಕಿನಾಗೆ ನಡುರಾತ್ರಿ ತನಕ. ಸುಲಿದದ್ದನ್ನ ಹಂಡೇಲಿ ಬೇಯಿಸಿ, ಚೊಗರು ಹಾಕಿ, ಒಣಗಿಸೋದು. ಅಳತೆ ಮೇಲೆ ಕೂಲಿ, ಹಂಗಾಗಿ ಯಾರೂ ಏಳಲ್ಲ. ಕೈಯೆಲ್ಲ ಕಪ್ಪು, ಬೆರಳ ಸಂದೀಲಿ ಸೀಳು, ಆ ಸೀಳಿಗೆ ಚೊಗರು ಇಳಿದ್ರೆ ಪ್ರಾಣ ಹೋದಂಗೆ. ಮೊನ್ನೆ ಸಂತೇಬೆನ್ನೂರಿನ ಪುಷ್ಕರಣಿ ನೋಡಕ್ಕೆ ನಮ್ಮ ಸೊಸೆ ಕಡೆ ನೆಂಟರನ್ನ ಕರಕಂಡು ಹೋಗಿದ್ವಿ. ಎಲ್ಲರೂ ಮಂಟಪದ ಫೋಟೋ ತೆಗೆಯೋರು. ನನಗೆ ನೆನಪಾಗಿದ್ದು, ಚೊಗರಿನ ಕೈ ಉರಿ ಆರಿಸ್ಕಳಕ್ಕೆ ಅದರ ಮೆಟ್ಟಿಲ ಮೇಲೆ ಕೂತು ನೀರಿಗೆ ಕೈ ಬಿಡ್ತಿದ್ದೆ ಅಂತ ಅಜ್ಜಿ ಹೇಳಿದ್ದು.

ಅಪ್ಪಾಜಿ ನಾಕನೇ ಕ್ಲಾಸಿಗೆ ಶಾಲೆ ಬಿಟ್ಟು, ಒಂಬತ್ತನೇ ವಯಸ್ಸಿಗೆ ಒಬ್ಬರ ಮನೇಲಿ ದನ ಕಾಯಕ್ಕೆ ಸಂಬಳಕ್ಕೆ ಸೇರಿದ್ರು. ಆ ನಾಕು ಕ್ಲಾಸು ಓದಿಸಿದ್ದೇ ಅಜ್ಜಿ ಹಠ. ಹೆಸರು ಬರೆಯೋದು, ಬರೆದಿದ್ದು ಓದೋದು, ಅಷ್ಟು ಬಂದ್ರೆ ಸಾಕು, ಹೆಬ್ಬೆಟ್ಟು ಒತ್ತಬಾರದು ಅಂತ. ಅತ್ತೆನ ಓದಿಸಕ್ಕಾಗ್ಲಿಲ್ಲ. ಅವರು ಅಜ್ಜಿ ಪಕ್ಕ ಕತ್ತಿ ಮುಂದೆ ಕೂತು, ಆಮೇಲೆ ನ್ಯಾಮತಿ ಕಡೆ ಮದುವೆ ಆಗಿ ಹೋದ್ರು.

ಅಡಿಕೆ ಸುಗ್ಗಿ ಇಲ್ಲದಾಗ ಕಾಲುವೆ ಕೆಲಸ. ಲಕ್ಕವಳ್ಳಿ ಹತ್ರ ಭದ್ರಾ ಅಣೆಕಟ್ಟು ಕಟ್ಟಕ್ಕೆ ಶುರು ಮಾಡಿದ್ದು ಸ್ವಾತಂತ್ರ್ಯ ಬಂದ ಹೊತ್ತಿಗೆ, ಪೂರ್ತಿ ಮುಗಿದಿದ್ದು 1960ರ ದಶಕದಲ್ಲಿ. ಬಲದಂಡೆ ಕಾಲುವೆ ಚನ್ನಗಿರಿ, ಹೊನ್ನಾಳಿ, ಹರಿಹರ, ದಾವಣಗೆರೆ ಕಡೆ ಬಂತು. ಕಾಲುವೆ ತೋಡೋ ಕೆಲಸಕ್ಕೆ ಸಾವಿರಾರು ಹೆಂಗಸರು ಮಣ್ಣು ಹೊತ್ತರು. ಅದರಾಗೆ ನಮ್ಮಜ್ಜಿ ಒಬ್ಬಳು. ಆ ಕಾಲುವೆ ನೀರೇ ಮುಂದೆ ಸಾಸ್ವೆಹಳ್ಳಿ ಕಡೆ ಆ ನಾಕು ಎಕರೆಗೂ ಹರೀತು. ಅಜ್ಜಿ ಹೆಬ್ಬೆಟ್ಟು ಒತ್ತಿದಾಗ ಜೋಳ ಬೆಳೆಯೋ ಒಣ ಹೊಲ, ಆಮೇಲೆ ವರ್ಷಕ್ಕೆ ಎರಡು ಬೆಳೆ ಭತ್ತದ ಗದ್ದೆ. ಅಪ್ಪಾಜಿ ಒಂದ್ಸಲ ಹೋಗಿ ದೂರದಿಂದ ನೋಡಿ ಬಂದ್ರು. ಅಜ್ಜಿ ಹೋಗಲಿಲ್ಲ. "ನಾನು ಹೊತ್ತ ಮಣ್ಣಿನ ನೀರು. ಹರೀಲಿ ಬಿಡು, ಗದ್ದೆಗೇನು ಗೊತ್ತು" ಅಂದ್ಲಂತೆ.

ಅಪ್ಪಾಜಿ ದೊಡ್ಡೋರಾದ ಮೇಲೆ ಎರಡು ಎಕರೆ ಕೋರಿಗೆ ಮಾಡ್ತಿದ್ರು. ದೇವರಾಜ ಅರಸು ಅವರ ಕಾಲದಾಗೆ, 1974ರ ಭೂ ಸುಧಾರಣೆ ತಿದ್ದುಪಡಿ ಬಂದು, ಗೇಣಿ ಮಾಡೋರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದ್ರೆ ಭೂಮಿ ಅವರದಾಗುತ್ತೆ ಅಂತ ಆಯ್ತು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಪ್ಪಾಜಿ ಅರ್ಜಿ ತಂದ ದಿನ ಅಜ್ಜಿ ಅವರಿಗೆ ಸಹಿ ಹಾಕಕ್ಕೆ ಬಿಡಲಿಲ್ಲ. ಊರಿನ ಮೇಷ್ಟ್ರನ್ನ ಮನೆಗೆ ಕರೆಸಿ, ಕಾಫಿ ಕೊಟ್ಟು, ಅರ್ಜಿ ಎರಡು ಸಲ ಓದಿಸಿದ್ಲು. ಒಂದ್ಸಲ ಮೇಷ್ಟ್ರ ಕೈಲಿ, ಇನ್ನೊಂದ್ಸಲ ಮೇಷ್ಟ್ರ ಮುಂದೆ ಮಗನ ಕೈಲಿ. ಎರಡೂ ಒಂದೇನಾ ಅಂತ ಹೋಲಿಸಿದ ಮೇಲೇ ಸಹಿ. ವರ್ಷಗಟ್ಟಲೆ ಓಡಾಡಿ, ನಾನು ಹೈಸ್ಕೂಲಿಗೆ ಸೇರಿದ ವರ್ಷ ಆದೇಶ ಬಂತು. ಎರಡು ಎಕರೆ ನಮ್ಮದಾಯ್ತು. ಆ ಕಾಗದನ ಅಜ್ಜಿ ಟ್ರಂಕಿನ ತಳಕ್ಕೆ, ಬೇವಿನ ಎಲೆ ಹಾಕಿ ಇಟ್ಟಿದ್ಲು.

1984ರಲ್ಲಿ ಸರ್ಕಾರ ವಿಧವಾ ವೇತನ ಶುರು ಮಾಡ್ತು. ಅಜ್ಜಿ ವಿಧವೆ ಆಗಿ ನಲವತ್ತು ವರ್ಷ ಕಳೆದಿತ್ತು. ಪೋಸ್ಟ್‌ಮ್ಯಾನ್ ಮನಿಆರ್ಡರ್ ತಂದಾಗ ಹೆಬ್ಬೆಟ್ಟು ಒತ್ತಲೇಬೇಕು. ಅಜ್ಜಿ ಪ್ರತಿ ತಿಂಗಳೂ, "ಏನು ಬರೆದೈತೆ ಓದಪ್ಪ" ಅನ್ನೋಳು. ಓದಿದ ಮೇಲೆ ನನ್ನ ಕಡೆ ತಿರುಗಿ, "ನೀನೊಂದ್ಸಲ ಓದೇ" ಅನ್ನೋಳು. ಪೋಸ್ಟ್‌ಮ್ಯಾನ್‌ಗೆ ನಗು, ನನಗೆ ನಾಚಿಕೆ. ನಾನು ಪಿಯುಸಿ ಮುಗಿಸಿದಾಗ ಮನೇಲಿ ಎಲ್ಲರಿಗಿಂತ ಜಾಸ್ತಿ ಖುಷಿ ಪಟ್ಟೋಳು ಅಜ್ಜಿನೇ. ಮಾರ್ಕ್ಸ್ ಎಷ್ಟು ಅಂತ ಕೇಳಲಿಲ್ಲ. "ಕೋರ್ಟಿನ ಕಾಗದ ಓದಕ್ಕೆ ಬರುತ್ತಾ?" ಅಂತ ಕೇಳಿದ್ಲು.

ಅಜ್ಜಿ ತೀರಿಕೊಂಡಿದ್ದು 1996ರಲ್ಲಿ. ಅಪ್ಪಾಜಿ ಹೋಗಿ ಈಗ ಕೆಲವು ವರ್ಷ ಆಯ್ತು. ಆಮೇಲೆ ನಮ್ಮ ಮನೇಲೂ ಪಾಲಿನ ಮಾತು ಬಂತು. ಅಮ್ಮ, ತಮ್ಮ, ನಾನು, ತಂಗಿ. ಎರಡು ಎಕರೆ, ನಾಕು ಪಾಲು, ತಲಾ ಇಪ್ಪತ್ತು ಗುಂಟೆ. 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರವೇ ವಿಲ್ ಬರೆಯದೆ ತೀರಿಕೊಂಡೋರ ಸ್ವಂತ ಆಸ್ತಿ ಹೆಂಡತಿಗೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಸಮ. ಪಿತ್ರಾರ್ಜಿತ ಆಸ್ತಿನಾಗೆ ಹೆಣ್ಣು ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕದಾಗೆ 1994ರಲ್ಲಿ ಬಂತು, ಆದ್ರೆ ಅದಕ್ಕೆ ಮುಂಚೆ ಮದುವೆ ಆದೋರಿಗೆ ಇರ್ಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯ್ತು. ಆ ದಿನ ಅಪ್ಪ ಬದುಕಿರಬೇಕಾ ಬೇಡವಾ ಅನ್ನೋ ಗೊಂದಲನ 2020ರ ಆಗಸ್ಟಿನಾಗೆ ಸುಪ್ರೀಂ ಕೋರ್ಟು ಬಗೆಹರಿಸ್ತು, ಬದುಕಿರಬೇಕಾಗಿಲ್ಲ ಅಂತ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಪಾಲಾಗಿದ್ರೆ ಮಾತ್ರ ಅದನ್ನ ಮತ್ತೆ ತೆಗೆಯಂಗಿಲ್ಲ. ನಿಮ್ಮ ಮನೆ ವಿಷಯ ಏನಿದ್ರೂ ಒಬ್ಬ ವಕೀಲರನ್ನ ಕೇಳ್ರಿ, ನಾನು ಬರೆದಿದ್ದು ನನಗೆ ತಿಳಿದಷ್ಟು.

ಹಕ್ಕು ಬಿಡುಗಡೆ ಪತ್ರ ಸಿದ್ಧ ಆಗಿ ಬಂದಾಗ ನಡುಮನೇಲಿ ಕೂತು ನಾನು ಅದನ್ನ ಗಟ್ಟಿಯಾಗಿ ಓದಿದೆ. ಅಮ್ಮ ತನ್ನ ಪಾಲು ಮಗನಿಗೆ ಕೊಟ್ಟಳು, ತಿಳಿದೇ ಕೊಟ್ಟಳು. ತಂಗಿನೂ ತಿಳಿದೇ ಬಿಟ್ಟುಕೊಟ್ಟಳು, ಅವಳಿಗೆ ಅಲ್ಲಿ ಬೇಕಾದಷ್ಟಿದೆ. ನಾನು ಬಿಡಲಿಲ್ಲ. ಈ ಬರಹ ಓದ್ತಿರೋ ನಿಮ್ಮಲ್ಲೇ ಕೆಲವರಿಗೆ ಅದು ಬೇಜಾರಾಗಿದೆ, ತವರಿನ ಬಾಗಿಲು ಮುಚ್ಚಿಕೊಂಡಳು ಅಂತ ಆಡಿಕೊಂಡಿದ್ದೂ ನನ್ನ ಕಿವಿಗೆ ಬಿದ್ದಿದೆ. ತವರಿನ ಬಾಗಿಲು ಮುಚ್ಚಿಲ್ಲ. ತಮ್ಮ ಆರು ತಿಂಗಳು ಮಾತು ಬಿಟ್ಟಿದ್ದ, ಈಗ ಗೌರಿ ಹಬ್ಬಕ್ಕೆ ಅವನೇ ಬಂದು ಕರೀತಾನೆ. ನನ್ನ ಇಪ್ಪತ್ತು ಗುಂಟೆನೂ ಅವನೇ ಮಾಡ್ತಾನೆ, ವರ್ಷಕ್ಕೆ ಇಷ್ಟು ಅಂತ ಕೊಡ್ತಾನೆ. ಪಹಣೀಲಿ ಮಾತ್ರ ನನ್ನ ಹೆಸರಿದೆ.

ಬಿಟ್ಟುಕೊಡಬ್ಯಾಡ್ರಿ ಅಂತ ನಾನು ಯಾರಿಗೂ ಹೇಳಲ್ಲ. ಅಣ್ಣ ತಮ್ಮಂದಿರ ಕಷ್ಟ ನೋಡಿ ಕೊಡಬೇಕು ಅನ್ನಿಸಿದ್ರೆ ಕೊಡ್ರಿ, ಅದೂ ದೊಡ್ಡ ಮನಸ್ಸೇ. ಆದ್ರೆ ಪತ್ರ ಬಂದ ದಿನ ಗಡಿಬಿಡೀಲಿ ಒಲೆ ಮೇಲಿನ ಹಾಲು ಇಳಿಸಿ ಬಂದು ಸಹಿ ಹಾಕಬ್ಯಾಡ್ರಿ. ಕೂತ್ಕಳ್ರಿ, ಕನ್ನಡಕ ಹಾಕ್ಕಳ್ರಿ, ಮೊದಲಿಂದ ಕೊನೆ ತನಕ ಓದ್ರಿ. ಸರ್ವೆ ನಂಬರ್, ಎಕರೆ ಗುಂಟೆ, ಹಣ ಕೊಟ್ಟಿದೀವಿ ಅಂತ ಬರೆದಿದ್ರೆ ಕೊಟ್ಟಿದಾರಾ, ಎಲ್ಲಾ ನೋಡ್ರಿ. ಓದಕ್ಕೆ ಬರದ ಅತ್ತೆ, ದೊಡ್ಡಮ್ಮ ಯಾರಾದ್ರೂ ಇದ್ರೆ ಅವರಿಗೂ ಓದಿ ಹೇಳ್ರಿ, ಗಡಗಡ ಅಲ್ಲ, ನಿಧಾನಕ್ಕೆ.

ಈಗ ತುಂಗಭದ್ರಾ ಹೊಳೆ ನೀರನ್ನ ಪೈಪಿನಾಗೆ ಜಗಳೂರು ಕಡೆ ತಗಂಡು ಹೋಗಿ ಐವತ್ತೇಳು ಕೆರೆ ತುಂಬಿಸೋ ಯೋಜನೆ ಆಗಿದೆ. ಹರಿದು ಹೋಗೋ ನೀರು ನೋಡಿ ಗಾಡೀಲಿ ಅತ್ತ ಹುಡುಗಿಗೆ ಈ ಸುದ್ದಿ ಹೇಳಬೇಕಿತ್ತು. ಬೀಸೋ ಕಲ್ಲಿನ ಆ ಮೇಲಿನ ಹೋಳು ನಮ್ಮ ತವರಿನ ಹಿತ್ತಲಾಗೆ ಈಗಲೂ ಐತೆ. ತಮ್ಮನ ಹೆಂಡತಿ ಅದರ ಮೇಲೆ ತುಳಸಿ ಕುಂಡ ಇಟ್ಟಿದಾಳೆ. ಈ ಸಲ ಗೌರಿ ಹಬ್ಬಕ್ಕೆ ಬರೋ ಹುಡುಗ್ರಿಗೆ ಅದು ಯಾಕೆ ಒಂದೇ ಹೋಳು ಅಂತ ಯಾರಾದ್ರೂ ಹೇಳ್ರವ್ವ.